ಮೆಟ್ಟಿನ ಮೇಲಣ ಹೊಲಿಗೆ

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲಕ್ಕೆ ವೇಣುಗೋಪಾಲಸ್ವಾಮಿಯ ದರ್ಶನಕ್ಕೆಂದು ಹೋಗುವವರು ಗುಡಿಯ ಹೊರಗೆ ಪಾದರಕ್ಷೆಗಳನ್ನು ಕಳಚಿಟ್ಟು ಒಳಗೆ ಕಾಲಿಡುತ್ತಾರೆ. ಗುಡಿಯ ಕಾಲ ಯಾವುದು, ವಿಗ್ರಹದ ಶೈಲಿ ಯಾವುದು ಎಂದು ವಿಚಾರಿಸುವ ಕುತೂಹಲಿಗಳು ಅವರಲ್ಲಿ ಇದ್ದೇ ಇರುತ್ತಾರೆ. ಆದರೆ ಹೊರಗೆ ಬಿಟ್ಟುಬಂದ ಜೋಡಿಗೂ ಒಂದು ಚರಿತ್ರೆಯುಂಟೆಂದು ನೆನೆಯುವವರು ವಿರಳ. ಬೂಟೊಂದನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಮೈಮೇಲೆ ಒಂದರ ಪಕ್ಕದಲ್ಲೊಂದು, ಕೂದಲೆಳೆಯಷ್ಟೂ ಅತ್ತಿತ್ತ ಸರಿಯದೆ ಸಾಗಿರುವ ಎರಡು ಹೊಲಿಗೆಯ ಸಾಲುಗಳು ಕಾಣುತ್ತವೆ. ಆ ಸಾಲುಗಳನ್ನು ಹಾಕಲು ಮನುಷ್ಯನು ಹೇಗೆ ಕಲಿತನು, ಯಾರು ಕಲಿತರು, ಯಾರಿಗೆ ಕಲಿಯಲು ಬಿಟ್ಟರು ಎಂಬುದು ಯಾವ ಶಿಲಾಶಾಸನಕ್ಕೂ ಕಡಿಮೆಯಿಲ್ಲದ ಇತಿಹಾಸ.

ಮೊದಲು ಮಾತಿನಿಂದಲೇ ತೊಡಗೋಣ. ಹಳಗನ್ನಡದ ‘ಕೆರ್ಪು’ ಮುಂದೆ ‘ಕೆರಹು’ ಆಗಿ, ‘ಕೆರ’ವಾಗಿ ಸವೆಯಿತು. ಮೆಟ್ಟುವುದರಿಂದ ‘ಮೆಟ್ಟು’ ಬಂದಿತು. ಎಕ್ಕಡ, ಜೋಡು, ಹಾವುಗೆ, ಪಾರಸಿಯಿಂದ ಬಂದ ಪಾಪೋಸು, ಇಂಗ್ಲಿಷಿನಿಂದ ಬಂದ ಬೂಟು—ಹೀಗೆ ಹೆಸರಿಗೇನೂ ಬಡತನವಿಲ್ಲ. ಅಡಿಯ ಭಾಗಕ್ಕೆ ‘ಅಟ್ಟೆ’ ಎಂಬ ಅಚ್ಚಗನ್ನಡ ಪದವಿದೆ, ಪಟ್ಟಿಗೆ ‘ಬಾರು’ ಇದೆ. ಆದರೆ ಪಾದವನ್ನು ಮೇಲಿನಿಂದ ಮುಚ್ಚುವ ಹೊದಿಕೆಗೆ ಮಾತ್ರ ನೆಲೆನಿಂತ ಕನ್ನಡ ಪದವಿಲ್ಲ. ಕೆಲಸಗಾರರು ಅದನ್ನು ‘ಅಪ್ಪರ್’ ಎಂದೇ ಕರೆಯುತ್ತಾರೆ. ಕಾರಣ ಸರಳವಾಗಿದೆ. ನಮ್ಮ ಬಿಸಿಲು ನಾಡಿನ ಮೆಟ್ಟು ತೆರೆದ ಮೆಟ್ಟು; ಅಟ್ಟೆ, ಬಾರು, ಹೆಬ್ಬೆರಳಿನ ಕುಣಿಕೆ ಇಷ್ಟಿದ್ದರೆ ಸಾಕಾಗಿತ್ತು. ಮುಚ್ಚಿದ ಬೂಟು ಬಂದಾಗ ವಸ್ತುವಿನೊಡನೆ ಹೆಸರೂ ಹಡಗಿನಲ್ಲೇ ಬಂದಿಳಿಯಿತು.

ಊರ ಹೊರಗಣ ವಿದ್ಯೆ

ಬೂಟು ಬರುವ ಮುಂಚೆ ಈ ಕಪಿಲಾ ತೀರದ ಹಳ್ಳಿಗಳಲ್ಲಿ ಚರ್ಮದ ಕೆಲಸವೇ ಇರಲಿಲ್ಲವೆಂದು ಯಾರೂ ಭಾವಿಸಬಾರದು. ಬೇಸಾಯವೇ ಚರ್ಮದ ಮೇಲೆ ನಿಂತಿದ್ದಿತು. ಬಾವಿಯಿಂದ ನೀರೆತ್ತುವ ಕಪಿಲೆಗೆ ತೊಗಲಿನ ಬಾನಿ ಬೇಕು. ಎತ್ತು ಕಟ್ಟಲು ಮಿಣಿ ಬೇಕು. ಹಬ್ಬಕ್ಕೆ ತಮಟೆ ಬೇಕು. ಇವೆಲ್ಲವನ್ನೂ ಒದಗಿಸಿದವರು ಮಾದಿಗರು, ಸಮಗಾರರು ಮೊದಲಾದ ಸಮುದಾಯದವರು. ಸತ್ತ ದನದ ಹಸಿ ತೊಗಲನ್ನು ಸುಣ್ಣದಲ್ಲಿ ನೆನೆಸಿ, ರೋಮ ತೆಗೆದು, ತಂಗಡಿಯ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ವಾರಗಟ್ಟಲೆ ಹದಗೊಳಿಸಿ, ರಂಪಿಗೆಯಿಂದ ಕೊಯ್ದು, ಉಳಿಯಿಂದ ತೂತಿಟ್ಟು, ಬಾರಿನಿಂದ ಹೊಲಿಯುವ ಈ ಕ್ರಮ ರಸಾಯನ ಮತ್ತು ಶಿಲ್ಪ ಎರಡೂ ಕೂಡಿದ ಶಾಸ್ತ್ರ. ಪ್ರತಿಫಲವಾಗಿ ದೊರೆಯುತ್ತಿದ್ದುದು ಬಹುತೇಕ ಸುಗ್ಗಿಯ ಕಣದ ಒಂದಷ್ಟು ಧಾನ್ಯ. ಶಾಸ್ತ್ರವೆಂಬ ಹೆಸರಾಗಲಿ, ಊರೊಳಗೆ ಒಂದು ಮನೆಯಾಗಲಿ ದೊರೆಯಲಿಲ್ಲ. ತಂದೆಯ ಪಕ್ಕದಲ್ಲಿ ಕುಳಿತು ಮಗನು ನೋಡಿ ಕಲಿಯುತ್ತಿದ್ದನು. ಬೇರೆಯವರಿಗೆ ಕಲಿಯುವ ಮನಸ್ಸಿರಲಿಲ್ಲ, ಅವನಿಗೆ ಕಲಿಯದಿರುವ ಸ್ವಾತಂತ್ರ್ಯವಿರಲಿಲ್ಲ.

ಈ ವಿಪರ್ಯಾಸಕ್ಕೆ ದೂರ ಹೋಗಿ ನಿದರ್ಶನ ಹುಡುಕಬೇಕಾಗಿಲ್ಲ. ಬಿಳಿಗಿರಿರಂಗನ ಬೆಟ್ಟದ ದೇವರಿಗೆ 1 ಅಡಿ 9 ಅಂಗುಲ ಉದ್ದದ ಚರ್ಮದ ಪಾದರಕ್ಷೆಗಳನ್ನು ಎರಡು ವರ್ಷಕ್ಕೊಮ್ಮೆ ಸಮರ್ಪಿಸುವ ಪದ್ಧತಿ ಹಿಂದಿನಿಂದ ಬಂದಿದೆ. ಅವುಗಳನ್ನು ಮಾಡುವವರು ಬೂದಿಪಡಗದ ಚರ್ಮಕಾರರು. ರಂಗನಾಥನು ಅವನ್ನು ಮೆಟ್ಟಿ ಕಾಡಿನಲ್ಲಿ ಸುತ್ತಾಡುತ್ತಾನೆ, ಆದುದರಿಂದಲೇ ಅವು ಸವೆಯುತ್ತವೆ ಎಂದು ಭಕ್ತರ ನಂಬಿಕೆ. ದೇವರಿಗೆ ಬೇಕಾದ ಕೈಕೆಲಸ ಮನುಷ್ಯರಿಗೆ ಮೈಲಿಗೆಯಾದುದು ನಮ್ಮ ಸಮಾಜ ತನಗೆ ತಾನೇ ಹಾಕಿಕೊಂಡ ಒಗಟು.

ಆ ಒಗಟನ್ನು ಬಿಡಿಸಲು ಹೊರಟವರು 12ನೆಯ ಶತಮಾನದ ಶರಣರು. ಮಾದಾರ ಚೆನ್ನಯ್ಯನ ಅಂಕಿತದಲ್ಲೇ ಉಳಿ, ಕತ್ತಿ, ಅಡಿಗೂಂಟಗಳು ಸೇರಿಕೊಂಡಿವೆ. ಕಸುಬಿನ ಸಲಕರಣೆಗಳು ದೇವರ ಹೆಸರಿನ ಜೊತೆಗೆ ನಿಂತ ಇಂತಹ ಉದಾಹರಣೆ ಲೋಕದ ಸಾಹಿತ್ಯದಲ್ಲಿ ಬಹಳವಿರಲಾರದು. ಹರಳಯ್ಯ ಮತ್ತು ಕಲ್ಯಾಣಮ್ಮನವರು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆ, ಅದಕ್ಕಾಗಿ ತಂದೆಯರಿಬ್ಬರಿಗೂ ಆದ ಕ್ರೂರ ಶಿಕ್ಷೆ, ಕಲ್ಯಾಣದ ಅಳಿವು—ಇವು ಒಂದೇ ದಾರದಲ್ಲಿ ಪೋಣಿಸಿಕೊಂಡು ಬಂದ ಸಂಗತಿಗಳು. ಭಕ್ತಿಯಿಂದ ಹೊಲಿದ ಮೆಟ್ಟನ್ನು ಲೋಕ ಒಪ್ಪಿತು. ಹೊಲಿದವನ ಮನೆಯ ನಂಟನ್ನು ಒಪ್ಪಲಿಲ್ಲ.

ಯಂತ್ರ ಬಂದ ಬಗೆ

ಇನ್ನು ಕಡಲಾಚೆಗೆ ಒಂದು ನೋಟ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಲಿನ್ ಎಂಬುದೊಂದು ಪಟ್ಟಣ. ಅಲ್ಲಿ ಗಂಡಸರು ಸಣ್ಣ ಸಣ್ಣ ಅಂಗಡಿಗಳಲ್ಲಿ ಕುಳಿತು ಅಟ್ಟೆ ಕೂಡಿಸುತ್ತಿದ್ದರೆ, ಅವರ ಹೆಂಡಿರು ಮಕ್ಕಳು ಮನೆಯಲ್ಲಿ ಕೈಸೂಜಿಯಿಂದ ಮೇಲ್ಹೊದಿಕೆಗಳನ್ನು ಹೊಲಿಯುತ್ತಿದ್ದರು. 1846ರಲ್ಲಿ ಇಲಿಯಾಸ್ ಹೋವೆ ಎಂಬಾತ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಸೂಜಿಯ ಕಣ್ಣು ತುದಿಯಲ್ಲೇ ಇರುವುದು, ಕೆಳಗಿನಿಂದ ಲಾಳಿಯು ಎರಡನೆಯ ದಾರವನ್ನು ತಂದು ಮೇಲಿನ ದಾರಕ್ಕೆ ಕೊಂಡಿ ಹಾಕುವುದು ಇದರ ಗುಟ್ಟು. 1851ರಲ್ಲಿ ಐಸಾಕ್ ಸಿಂಗರ್ ತನ್ನ ಸುಧಾರಿಸಿದ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಇದು ಬಟ್ಟೆಯ ಮಾತಾಯಿತು. 1852ರ ಸುಮಾರಿಗೆ ಜಾನ್ ಬ್ರೂಕ್ಸ್ ನಿಕೋಲ್ಸ್ ಎಂಬುವನು ಲಿನ್‌ನಲ್ಲಿ ಹೋವೆಯ ಯಂತ್ರವನ್ನು ತೊಗಲಿಗೆ ಹೊಂದಿಸಿದನು. 1858ರಲ್ಲಿ ಲೈಮನ್ ಬ್ಲೇಕ್ ಅಟ್ಟೆ ಹೊಲಿಯುವ ಯಂತ್ರ ಕಂಡುಹಿಡಿದನು. ಅಚ್ಚಿನ ಮೇಲೆ ಹೊದಿಕೆಯನ್ನು ಎಳೆದು ಕೂರಿಸುವ ಕಡೆಯ ಕೈಕೆಲಸವನ್ನೂ ಸುರಿನಾಮಿನಿಂದ ಬಂದ ಕರಿಯ ಕಾರ್ಮಿಕ ಯಾನ್ ಮಾಟ್ಸೆಲಿಗರ್ 1883ರಲ್ಲಿ ಯಂತ್ರಕ್ಕೆ ಒಪ್ಪಿಸಿದನು.

ಯಂತ್ರಗಳ ಪಟ್ಟಿಯಿಂದ ಮಾತ್ರ ಇತಿಹಾಸವಾಗದು. ಮನೆಯಲ್ಲಿದ್ದ ಹೊಲಿಗೆಯು ಕಾರ್ಖಾನೆಗೆ ಹೋಯಿತು. ಹೆಣ್ಣುಮಕ್ಕಳೂ ಅದರ ಹಿಂದೆ ಹೋದರು. 1860ರ ಫೆಬ್ರವರಿಯಲ್ಲಿ ಕೂಲಿಯ ಇಳಿತವನ್ನು ಪ್ರತಿಭಟಿಸಿ ಲಿನ್ ಪಟ್ಟಣದ ಪಾದರಕ್ಷೆ ಕೆಲಸಗಾರರು ಮುಷ್ಕರ ಹೂಡಿದರು. ಮಾರ್ಚಿಯಲ್ಲಿ ಹಿಮ ಬೀಳುತ್ತಿರುವಾಗ ಸ್ತ್ರೀಯರೂ ಬೀದಿಯಲ್ಲಿ ಮೆರವಣಿಗೆ ನಡೆಸಿದರು. ಮನೆಯಲ್ಲಿ ಕೈಸೂಜಿ ಹಿಡಿದವರ ಹಿತಕ್ಕೂ ಕಾರ್ಖಾನೆಯಲ್ಲಿ ಯಂತ್ರ ತುಳಿಯುವವರ ಹಿತಕ್ಕೂ ಆಗಲೇ ಬಿರುಕು ಬಿಟ್ಟಿದ್ದಿತು. ಒಬ್ಬನೇ ಪೂರ್ತಿ ಜೋಡು ಮಾಡುತ್ತಿದ್ದ ಕಾಲ ಮುಗಿದು, ಒಬ್ಬೊಬ್ಬರು ಒಂದೊಂದು ಹೊಲಿಗೆ ಹಾಕುವ ಕಾಲ ಆರಂಭವಾಯಿತು.

ನಮ್ಮ ಕಡೆಗೆ ಈ ಅಲೆ ಬಂದುದು ತೊಗಲಿನ ಹದದ ಮೂಲಕ. ತೊಗಟೆಯಲ್ಲಿ ಹದಮಾಡಿದ ದಪ್ಪ ತೊಗಲು ಅಟ್ಟೆಗೆ ಒಳ್ಳೆಯದು. ಯಂತ್ರದ ಹೊಲಿಗೆಗೆ ತೆಳ್ಳಗೂ ಮೆತ್ತಗೂ ಗಟ್ಟಿಯೂ ಆದ ಕ್ರೋಮ್ ಚರ್ಮ ಅನುಕೂಲ. ಮದರಾಸಿನಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ 20ನೆಯ ಶತಮಾನದ ಆರಂಭದಲ್ಲಿ ಕ್ರೋಮ್ ಹದದ ಪ್ರಯೋಗ ನಡೆಸಿದನು. ಸ್ವಾರಸ್ಯವೇನೆಂದರೆ, ಅವನ ಕಣ್ಣು ಮೊದಲು ಬಿದ್ದುದು ಬೂಟಿನ ಮೇಲಲ್ಲ, ಬಾವಿಯಿಂದ ನೀರೆತ್ತುವ ತೊಗಲಿನ ಬಾನಿಯ ಮೇಲೆ! ಅದೇ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿ ಬಂದನು. ಇತ್ತ ಜ್ಲಿನ್ ಎಂಬ ಊರಿನಲ್ಲಿ 1894ರಲ್ಲಿ ಆರಂಭವಾದ ಬಾಟಾ ಕಂಪನಿಯು 1930ರ ದಶಕದಲ್ಲಿ ಕಲ್ಕತ್ತೆಯ ಬಳಿ ಬಾಟಾನಗರವನ್ನು ಕಟ್ಟಿತು. ಮುಂದೆ ಬೆಂಗಳೂರಿನ ಪೀಣ್ಯದಲ್ಲಿಯೂ ಅದರ ಕಾರ್ಖಾನೆ ತಲೆಯೆತ್ತಿತು. ಶಾಲೆಯ ಮಕ್ಕಳ ಕರಿಯ ಬೂಟು ಸಂತೆಯ ಸಮಗಾರನ ಕೈ ತಪ್ಪಿ ಅಂಗಡಿಯ ಗಾಜಿನ ಕಪಾಟಿಗೆ ಸೇರಿತು. ಸಮಗಾರನಿಗೆ ಉಳಿದುದು ದುರಸ್ತಿ.

ಬದನವಾಳಿನ ಪ್ರಶ್ನೆ

ಕೈಯೋ ಯಂತ್ರವೋ ಎಂಬ ಪ್ರಶ್ನೆಗೆ ನಂಜನಗೂಡು ತಾಲ್ಲೂಕಿನಲ್ಲಿ ಒಂದು ವಿಳಾಸವೇ ಇದೆ. ತಗಡೂರು ರಾಮಚಂದ್ರರಾಯರಂತಹವರ ಶ್ರಮದಿಂದ ಬೆಳೆದ ಖಾದಿ ಚಳವಳಿಯ ನೆಲೆಯಾದ ಬದನವಾಳು, ಗಾಂಧೀಜಿಯವರು ಬಂದುಹೋದ ಊರು. ಗಾಂಧೀಜಿ ಸ್ವತಃ ಮೆಟ್ಟು ಹೊಲಿಯಬಲ್ಲವರಾಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ದಕ್ಷಿಣ ಆಫ್ರಿಕದಲ್ಲಿ 1910ರಲ್ಲಿ ಆರಂಭವಾದ ಟಾಲ್‌ಸ್ಟಾಯ್ ತೋಟದಲ್ಲಿ ಕ್ಯಾಲನ್‌ಬಾಕ್ ಅವರಿಂದ ಆ ವಿದ್ಯೆ ಕಲಿತು ಇತರರಿಗೂ ಕಲಿಸಿದರು. ತಮ್ಮನ್ನು ಸೆರೆಗೆ ಹಾಕಿದ ಜನರಲ್ ಸ್ಮಟ್ಸ್‌ಗೆ ತಾವೇ ಮಾಡಿದ ಒಂದು ಜೊತೆ ಚಪ್ಪಲಿ ಕೊಟ್ಟರು. ಸ್ಮಟ್ಸ್ 1939ರಲ್ಲಿ ಗಾಂಧೀಜಿಯವರ 70ನೆಯ ಹುಟ್ಟುಹಬ್ಬಕ್ಕೆ ಅದನ್ನು ಗೌರವದಿಂದ ಹಿಂದಿರುಗಿಸಿದನು. ಯಂತ್ರಗಳನ್ನು ಕುರಿತು 1924ರಲ್ಲಿ ನಡೆದ ಒಂದು ಸಂಭಾಷಣೆಯಲ್ಲಿ ಅದೇ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಮನುಷ್ಯನ ಬೇಸರವನ್ನು ಕಳೆಯುವ, ಮನುಷ್ಯನನ್ನೇ ಕಳೆಯದ ಯಂತ್ರವೆಂಬುದು ಅವರ ಎಣಿಕೆ.

ಆದರೆ ಕಸುಬೊಂದನ್ನು ಕಲಿಸಿದ ಮಾತ್ರಕ್ಕೆ ಸಮಾಜ ತಿದ್ದಿಕೊಳ್ಳುವುದಿಲ್ಲ. ಸಂವಿಧಾನದ 17ನೆಯ ವಿಧಿ 1950ರಲ್ಲಿ ಅಸ್ಪೃಶ್ಯತೆಯನ್ನು ರದ್ದು ಮಾಡಿ ನಾಲ್ಕು ದಶಕ ಕಳೆದ ಮೇಲೆ, 1993ರಲ್ಲಿ, ಇದೇ ಬದನವಾಳಿನಲ್ಲಿ ದೇವಾಲಯ ಪ್ರವೇಶದ ವಿವಾದದಿಂದ ಹೊತ್ತಿದ ದ್ವೇಷಕ್ಕೆ ಮೂವರು ದಲಿತರು ಬಲಿಯಾದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ಹೂಡಲು ಆರಿಸಿಕೊಂಡುದೂ ಈ ಊರನ್ನೇ. ಕೈಕಸುಬಿನ ಘನತೆಯನ್ನು ಹೊಗಳುವವರು ಈ ಎರಡು ವರ್ಷಗಳನ್ನೂ ಒಟ್ಟಿಗೆ ನೆನಪಿಡಬೇಕಾಗುತ್ತದೆ.

ತೂತು ಮಾಯುವುದಿಲ್ಲ

ಹಾಗಾದರೆ ಯಂತ್ರದಲ್ಲಿ ಮೇಲ್ಹೊದಿಕೆ ಹೊಲಿಯಲು ಕಲಿಯುವುದೆಂದರೇನು? ಬಟ್ಟೆ ಹೊಲಿದು ಬಲ್ಲವರಿಗೆ ಇದು ಸುಲಭವೆಂದು ತೋರಬಹುದು. ಆದರೆ ಬಟ್ಟೆಯಲ್ಲಿ ಸೂಜಿಯು ಎಳೆಗಳ ನಡುವೆ ನುಸುಳುತ್ತದೆ. ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಚರ್ಮದ ಸೂಜಿಗೆ ಅಲಗಿನಂತಹ ಮೊನೆಯಿದೆ. ಅದು ಕೊಯ್ದೇ ಮುಂದೆ ಹೋಗುತ್ತದೆ. ಒಮ್ಮೆ ಬಿದ್ದ ತೂತು ಮಾಯುವುದಿಲ್ಲ. ಆದುದರಿಂದ ಕಲಿಯುವವರಿಗೆ ಮೊದಲು ದಾರವನ್ನೇ ಕೊಡುವುದಿಲ್ಲ. ಗೆರೆ ಎಳೆದ ಕಾಗದದ ಮೇಲೆ ಬರಿ ಸೂಜಿ ಓಡಿಸಿ, ಕಾಲಿನ ಒತ್ತಡಕ್ಕೂ ಕಣ್ಣಿನ ಗುರಿಗೂ ಹೊಂದಾಣಿಕೆ ತರಬೇಕು. ಆಮೇಲೆ ಚೂರು ತೊಗಲು. ಮೊದಲು ನೇರ ಗೆರೆ, ಅನಂತರ ಬಾಗು, ಅನಂತರ ಮೂಲೆ. ಮೂಲೆಯಲ್ಲಿ ಸೂಜಿಯನ್ನು ಚರ್ಮದೊಳಗೇ ಇಳಿಸಿಟ್ಟು, ಕೈಯಿಂದ ಚಕ್ರ ತಿರುಗಿಸಿ, ತುಂಡನ್ನು ಹೊರಳಿಸಬೇಕು. ಕಟ್ಟಕಡೆಗೆ ಅಂಚಿನಿಂದ ಒಂದೂವರೆ ಮಿಲಿಮೀಟರು ದೂರದಲ್ಲಿ ಒಂದು ಸಾಲು, ಅದಕ್ಕೆ ಸಮಾನಾಂತರವಾಗಿ ಇನ್ನೊಂದು.

ಹೊಲಿಗೆ ಒತ್ತಾಗಿದ್ದಷ್ಟೂ ಗಟ್ಟಿಯೆಂಬ ನಮ್ಮ ಸಾಮಾನ್ಯ ತಿಳಿವಳಿಕೆ ಇಲ್ಲಿ ತಲೆಕೆಳಗಾಗುತ್ತದೆ. ಅಂಗುಲಕ್ಕೆ 10–12 ಹೊಲಿಗೆ ಇದ್ದಲ್ಲಿ ಚರ್ಮ ತಡೆಯುತ್ತದೆ. ಅತಿ ಒತ್ತಾದರೆ ಅಂಚೆಚೀಟಿಯ ಹಾಳೆಯಂತೆ ತೂತುಗಳ ಸಾಲಿನಲ್ಲೇ ಹರಿಯುತ್ತದೆ. ಹೊಲಿಯುವ ಮುಂಚೆ ಅಂಚನ್ನು ಕೆತ್ತಿ ತೆಳ್ಳಗೆ ಮಾಡಬೇಕು. ಇಲ್ಲವಾದರೆ ಎರಡು ಪದರ ಕೂಡಿದ ಕಡೆ ಗಂಟಾಗಿ ಕಾಲನ್ನು ಕಚ್ಚುತ್ತದೆ. ಮೊದಲು ಚಪ್ಪಟೆ ಹಲಗೆಯ ಯಂತ್ರದಲ್ಲಿ ಬಿಡಿ ತುಂಡುಗಳು ಕೂಡುತ್ತವೆ. ಅವು ಪಾದದ ಆಕಾರ ತಾಳುತ್ತ ಬಂದಂತೆ ಕಂಬದಂತೆ ಮೇಲೆದ್ದ ಯಂತ್ರ ಬೇಕಾಗುತ್ತದೆ. ಚಪ್ಪಟೆಯಾದುದು ಕಣ್ಣೆದುರೇ ಉಬ್ಬಿ ಪಾದವಾಗುವ ಈ ಘಟ್ಟದಲ್ಲಿ ರೇಖಾಗಣಿತವನ್ನು ಬೆರಳುಗಳೇ ಕಲಿಯುತ್ತವೆ. ಬೀದಿಯ ಮೂಲೆಯಲ್ಲಿ ಉದ್ದ ತೋಳಿನ, ಕೈಯಿಂದ ತಿರುಗಿಸುವ ಸಣ್ಣ ಯಂತ್ರ ಇಟ್ಟುಕೊಂಡವನಂತೂ ಚರ್ಮವನ್ನು ಹೊರಳಿಸದೆ ಯಂತ್ರದ ಪಾದವನ್ನೇ ಬೇಕಾದ ದಿಕ್ಕಿಗೆ ತಿರುಗಿಸಿ ಹೊಲಿಯುತ್ತಾನೆ.

ಈ ಕಲಿಕೆಗೆ ಈಗ ಪಾಠಪಟ್ಟಿಯುಂಟು, ಪ್ರಮಾಣಪತ್ರವುಂಟು. ಐ.ಟಿ.ಐ.ಗಳ ಕಸುಬುಗಳಲ್ಲಿ ಪಾದರಕ್ಷೆ ತಯಾರಿಕೆಯೂ ಒಂದು. 1976ರಲ್ಲಿ ಸ್ಥಾಪಿತವಾದ ನಮ್ಮ ಲಿಡ್ಕರ್ ಸಂಸ್ಥೆ ಚರ್ಮ ಕುಶಲಿಗಳಿಗೆ ಬೆಂಬಲವಾಗಲೆಂದೇ ಹುಟ್ಟಿದ್ದು. ನೆರೆಯ ತಮಿಳುನಾಡಿನ ಆಂಬೂರಿನ ಸುತ್ತ ಮೇಲ್ಹೊದಿಕೆ ಹೊಲಿಯುವವರಲ್ಲಿ ಹಳ್ಳಿಯ ಹೆಣ್ಣುಮಕ್ಕಳೇ ಹೆಚ್ಚು. ನಮ್ಮ ಅಥಣಿ, ನಿಪ್ಪಾಣಿಗಳ ಕಡೆ ಮೊಳೆಯಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿಯುವ ಚಪ್ಪಲಿಯ ಹೆಣಿಗೆ, ಹೊಲಿಗೆಗಳೂ ಬಹುಮಟ್ಟಿಗೆ ಸ್ತ್ರೀಯರವೇ. ಕರ್ನಾಟಕ, ಮಹಾರಾಷ್ಟ್ರಗಳ ನಾಲ್ಕು ನಾಲ್ಕು ಜಿಲ್ಲೆಗಳ ಆ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯನ್ನು ಊರ ಹೆಸರಿಲ್ಲದೆ ಪ್ರದರ್ಶಿಸಿ, ಆಕ್ಷೇಪಣೆ ಎದ್ದ ಮೇಲೆ ಮೂಲವನ್ನು ಒಪ್ಪಿಕೊಂಡಿತು.

ಯಂತ್ರವು ಮಾಡಿದ ಉಪಕಾರವನ್ನು ಮರೆಯುವುದು ಅನ್ಯಾಯ. ಹುಟ್ಟಿನಿಂದ ಹೊರಿಸಿದ ಕಸುಬನ್ನು ಅದು ಯಾರಾದರೂ ಕಲಿಯಬಹುದಾದ ವಿದ್ಯೆಯನ್ನಾಗಿ ಮಾಡಿತು. ಕಾರ್ಖಾನೆಯ ಸಾಲಿನಲ್ಲಿ ಸೂಜಿಯು ಜಾತಿಯನ್ನು ಕೇಳುವುದಿಲ್ಲ. ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ತಲೆತಲಾಂತರದಿಂದ ತೊಗಲಿನ ಮರ್ಮ ಬಲ್ಲವರಿಗೆ ದೊರೆತುದು ಅವಮಾನ. ಅದೇ ಅರಿವಿನ ಒಂದು ತುಂಡನ್ನು ಕಲಿತವರಿಗೆ ಪ್ರಮಾಣಪತ್ರ. ಪೂರ್ತಿ ಬೂಟಿನ ಹೆಸರು ಮಾತ್ರ ಕಂಪನಿಯದು. ಹೆಮ್ಮರಗಾಲದಂತಹ ಹಳ್ಳಿಯ ಹುಡುಗಿಯೊಬ್ಬಳು ನಾಳೆ ಈ ಯಂತ್ರದ ಮುಂದೆ ಕುಳಿತರೆ ಅವಳಿಗೆ ಹೊಲಿಗೆಯ ಸಾಲಿನ ಜೊತೆಗೆ ಕೊಯ್ತ, ಹದ, ಅಚ್ಚು ಎಲ್ಲವನ್ನೂ ಕಲಿಸಬೇಕು. ಒಂದೇ ಸಾಲು ಕಲಿತವಳಿಗೆ ಒಂದೇ ಬಾಗಿಲು.

ಭಾಷೆಯ ಮೇಷ್ಟರುಗಳಿಗೂ ಇದರಲ್ಲಿ ಒಂದು ಕೆಲಸವಿದೆ. ರಂಪಿಗೆ, ಅಟ್ಟೆ, ಅಡಿಗೂಂಟ ಎಂಬ ಮಾತುಗಳನ್ನು ನಮ್ಮ ವಿದ್ಯಾರ್ಥಿಗಳು ವಚನಗಳ ಟಿಪ್ಪಣಿಯಲ್ಲಿ ಓದಿ ಪರೀಕ್ಷೆಗೆ ಬರೆಯುತ್ತಾರೆ. ಅವನ್ನು ಇನ್ನೂ ಬಾಯಲ್ಲಿಟ್ಟುಕೊಂಡ ಹಿರಿಯರು ಬಸ್ ನಿಲ್ದಾಣದ ಮೂಲೆಯಲ್ಲಿ ಕುಳಿತಿರುತ್ತಾರೆ. ಅವರ ಬಳಿ ಹೋಗಿ ಬರೆದುಕೊಂಡರೆ, ‘ಅಪ್ಪರ್’ ಎಂಬುದಕ್ಕೂ ಅವರೇ ಒಂದು ಒಳ್ಳೆಯ ಕನ್ನಡ ಮಾತು ಕೊಟ್ಟಾರು.