‘ಸ್ಯಾಲರಿ’ ಶಬ್ದವೂ ಉಪ್ಪಿನ ಕಥೆಯೂ

ವೇತನವೆಂಬ ಅರ್ಥದ ‘ಸ್ಯಾಲರಿ’ ಎಂಬ ಆಂಗ್ಲಶಬ್ದದ ಮೂಲವನ್ನು ವಿವರಿಸುವಾಗ, ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರೆಂದು ಹೇಳುವುದು ರೂಢಿಯಾಗಿದೆ. ತರಗತಿಗಳಲ್ಲಿ ನಾವೂ ಹಾಗೆ ಹೇಳಿದ್ದುಂಟು. ಶಬ್ದದ ನಿಷ್ಪತ್ತಿಯಲ್ಲಿ ಸಂದೇಹವಿಲ್ಲ. ಕಥೆಗೆ ಮಾತ್ರ ಆಧಾರ ಸಾಲದು.

ಲ್ಯಾಟಿನ್ನಿನಲ್ಲಿ ‘ಸಾಲ್’ ಎಂದರೆ ಉಪ್ಪು. ಉಪ್ಪಿಗೆ ಸಂಬಂಧಿಸಿದುದು ಎಂಬರ್ಥದ ‘ಸಲಾರಿಯುಸ್’ ಎಂಬ ವಿಶೇಷಣದ ನಪುಂಸಕ ರೂಪವೇ ‘ಸಲಾರಿಯುಂ’. ಇದು ಫ್ರೆಂಚಿನ ಮೂಲಕ 14ನೆಯ ಶತಮಾನದ ವೇಳೆಗೆ ಇಂಗ್ಲಿಷನ್ನು ಸೇರಿತು.

ಕ್ರಿ.ಶ. 79ರಲ್ಲಿ ಮೃತನಾದ ಹಿರಿಯ ಪ್ಲಿನಿ ತನ್ನ ‘ನಿಸರ್ಗ ಚರಿತ್ರೆ’ಯ 31ನೆಯ ಭಾಗದಲ್ಲಿ, ಪದವಿಗಳಲ್ಲಿಯೂ ಸೈನ್ಯದಲ್ಲಿಯೂ ಸಲ್ಲುವ ‘ಸಲಾರಿಯುಂ’ಗೆ ಉಪ್ಪಿನಿಂದಲೇ ಹೆಸರು ಬಂದಿತೆನ್ನುತ್ತಾನೆ. ಹೇಗೆ ಬಂದಿತೆಂಬುದನ್ನು ಹೇಳುವುದಿಲ್ಲ. ಉಪ್ಪನ್ನು ಅಳೆದು ಕೊಟ್ಟರೆಂಬ ಮಾತಂತೂ ಅಲ್ಲಿಲ್ಲ.

ಸೈನಿಕನ ಸಂಬಳಕ್ಕೆ ರೋಮನರಲ್ಲಿದ್ದ ಹೆಸರೇ ಬೇರೆ, ‘ಸ್ಟಿಪೆಂಡಿಯುಂ’. ನಾಣ್ಯ, ತೂಗುವಿಕೆ ಎಂಬ ಎರಡು ಅರ್ಥಗಳು ಅದರಲ್ಲಿ ಕೂಡಿವೆ. ಕ್ರಿ.ಶ. 14ರಲ್ಲಿ ಅಗಸ್ಟಸನು ತೀರಿಕೊಂಡಾಗ ಪನ್ನೋನಿಯದ ಸೇನೆ ದಂಗೆಯೆದ್ದಿತು. ದಿನಕ್ಕೆ 10 ‘ಆಸ್’ ನಾಣ್ಯಗಳು ಮಾತ್ರ ದೊರೆಯುತ್ತವೆ, ಬಟ್ಟೆ, ಆಯುಧ, ಗುಡಾರಗಳ ವೆಚ್ಚವೂ ಅದರಲ್ಲೇ ಕಳೆಯುತ್ತದೆ ಎಂಬುದು ಅವರ ದೂರೆಂದು ಟ್ಯಾಸಿಟಸ್ ಬರೆದಿದ್ದಾನೆ. ಈ ಲೆಕ್ಕವೆಲ್ಲ ನಾಣ್ಯದ್ದು. ‘ಸಲಾರಿಯುಂ’ ಆದರೋ ದೊಡ್ಡವರ ಸಂಗಡ ಕಾಣಸಿಗುತ್ತದೆ. ಬಡತನಕ್ಕಿಳಿದ ಕುಲೀನ ಸೆನೆಟರರಲ್ಲಿ ಕೆಲವರಿಗೆ ನೀರೋ ವರ್ಷಕ್ಕೆ 5,00,000 ಸೆಸ್ಟರ್ಸುಗಳವರೆಗೆ ಗೊತ್ತುಮಾಡಿದನೆಂದು ಸ್ವೆಟೋನಿಯಸ್ ತಿಳಿಸುತ್ತಾನೆ. ಇಷ್ಟು ಹಣದಲ್ಲಿ ಯಾವ ಸೆನೆಟರನೂ ಉಪ್ಪು ಕೊಳ್ಳುತ್ತಿರಲಿಲ್ಲ!

ಹಾಗಾದರೆ ಕಥೆ ಹುಟ್ಟಿದ್ದು ಹೇಗೆ? ಪ್ಲಿನಿ ಬಿಟ್ಟ ತೆರವನ್ನು ಮುಂದಿನವರು ಊಹೆಯಿಂದ ತುಂಬಿದರು. 1879ರಲ್ಲಿ ಲೂಯಿಸ್ ಮತ್ತು ಷಾರ್ಟ್ ಎಂಬವರು ಹೊರತಂದ ಲ್ಯಾಟಿನ್ ನಿಘಂಟು, ಸೈನಿಕರಿಗೆ ಉಪ್ಪಿಗಾಗಿ ಕೊಡುತ್ತಿದ್ದ ಹಣವೆಂದು ಮೂಲಾರ್ಥವನ್ನು ಹೇಳಿತು. ‘ಉಪ್ಪಿಗಾಗಿ ಹಣ’ ಎಂಬುದು ಸಾಧ್ಯವಾದ ಊಹೆಯೇ. ಆದರೆ ‘ಹಣದ ಬದಲು ಉಪ್ಪು’ ಎಂಬುದು ಅದಕ್ಕಿಂತಲೂ ಮುಂದೆ ಹೋದ ಮಾತು. ಉಪ್ಪಿನ ಋಣವನ್ನು ಬಲ್ಲ ನಮಗೆ ಇದು ಸುಲಭವಾಗಿ ರುಚಿಸಿತೆಂದು ತೋರುತ್ತದೆ. ನಮ್ಮ ‘ಸಂಬಳ’ವೂ ದಾರಿಯ ಬುತ್ತಿ ಎಂಬರ್ಥದ ಸಂಸ್ಕೃತದ ‘ಶಂಬಲ’ದಿಂದ ಬಂದುದು, ಅಷ್ಟರಿಂದಲೇ ಕನ್ನಡನಾಡಿನ ಅರಸರು ಸೇವಕರಿಗೆ ಬುತ್ತಿ ಕಟ್ಟಿಕೊಡುತ್ತಿದ್ದರೆಂದು ಯಾರೂ ಹೇಳುವುದಿಲ್ಲ.

‘ಸೋಲ್ಜರ್’ ಎಂಬ ಶಬ್ದವನ್ನೂ ಕೆಲವರು ಉಪ್ಪಿಗೇ ಗಂಟುಹಾಕುವುದುಂಟು. ಅದು ಬಂದದ್ದು ಕಾನ್‌ಸ್ಟಂಟೈನನು 4ನೆಯ ಶತಮಾನದ ಆರಂಭದಲ್ಲಿ ಅಚ್ಚುಹಾಕಿಸಿದ ‘ಸೋಲಿದುಸ್’ ಎಂಬ ಚಿನ್ನದ ನಾಣ್ಯದ ಹೆಸರಿನಿಂದ.