ಅಪ್ಪನ ಕಣ್ಣಿಗೆ ಹಳೇ ಆಪರೇಷನ್ನೇ ಯಾಕೆ?

ಕಲ್ಯಾಣ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಅಪ್ಪ ಎರಡು ಸಲ ಎಡವಿದ್ರು. ವಯಸ್ಸಾಯ್ತು ಅಂದ್ಕೊಂಡು ಸುಮ್ಮನಾದ್ವಿ. ಡೊಂಬಿವಲಿಯಲ್ಲಿ ಕಣ್ಣು ತೋರಿಸಿದಾಗ ಗೊತ್ತಾಯ್ತು, ಗ್ಲಾಕೋಮಾ. ಪಕ್ಕದ ನೋಟ ಆಗಲೇ ಬಹಳಷ್ಟು ಹೋಗಿತ್ತು.

ನಾನು ರಾತ್ರಿಯಿಡೀ ಓದ್ಕೊಂಡು ಹೋಗಿ, "ಆ ಹೊಸ ಸ್ಟೆಂಟ್ ಹಾಕಿ ಡಾಕ್ಟ್ರೇ" ಅಂದೆ. "ನಿಮ್ಮ ತಂದೆಯವರ ಸ್ಟೇಜ್‌ಗೆ ಅದು ಸಾಲಲ್ಲ" ಅಂದ್ರು. ಯಾಕೆ ಸಾಲಲ್ಲ ಅನ್ನೋದಕ್ಕೆ ಉತ್ತರ ಇತಿಹಾಸದಲ್ಲಿದೆ.

ಕಣ್ಣಿನೊಳಗೆ ಒಂದು ದ್ರವ ಸದಾ ಹುಟ್ಟಿ, ಜರಡಿಯಂಥ ಜಾಲದ ಮೂಲಕ ಹೊರಗೆ ಹೋಗುತ್ತೆ. ದಾರಿ ಕಟ್ಟಿದ್ರೆ ಒತ್ತಡ ಏರಿ, ನೋಟದ ನರ ನಿಧಾನವಾಗಿ ಸಾಯುತ್ತೆ. ಸತ್ತ ನರ ಮತ್ತೆ ಬರಲ್ಲ.

1857ರಲ್ಲಿ ಬರ್ಲಿನ್‌ನ ಫಾನ್ ಗ್ರೇಫ ಕಣ್ಣಿನ ಬಣ್ಣದ ಪೊರೆಯ ಚೂರು ಕತ್ತರಿಸಿ ತೆಗೆದ. ಹಠಾತ್ತನೆ ನೋವಿನೊಂದಿಗೆ ಬರೋ ಗ್ಲಾಕೋಮಾಗೆ ಅದು ಫಲ ಕೊಡ್ತು, ಸದ್ದಿಲ್ಲದೆ ಬರೋದಕ್ಕೆ ಅಷ್ಟಾಗಿ ಅಲ್ಲ. ಮುಂದಿನ ದೊಡ್ಡ ಹೆಜ್ಜೆ ನಮ್ಮ ಪಕ್ಕದಲ್ಲೇ. 1909ರಲ್ಲಿ ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ರಾಬರ್ಟ್ ಹೆನ್ರಿ ಎಲಿಯಟ್ ಕಣ್ಣಿನ ಗೋಡೆಯಲ್ಲೇ ಪುಟ್ಟ ದುಂಡು ತೂತು ಕೊರೆಯೋ ವಿಧಾನ ಪ್ರಕಟಿಸಿದ. ಒತ್ತಡ ಇಳೀತು. ಆದ್ರೆ ಮುಚ್ಚಳವಿಲ್ಲದ ತೂತು: ದ್ರವ ವಿಪರೀತ ಸೋರುವ, ಮುಂದೆಂದೋ ಸೋಂಕು ತಗಲುವ ಭಯ. 1968ರಲ್ಲಿ ಕೇಂಬ್ರಿಜ್‌ನ ಕೇರ್ನ್ಸ್ ತೂತಿನ ಮೇಲೆ ಗೋಡೆಯದೇ ಒಂದು ಪದರವನ್ನು ಬಾಗಿಲಿನಂತೆ ಹೊಲಿದ. ಅದೇ ಟ್ರಾಬೆಕ್ಯುಲೆಕ್ಟಮಿ.

2012ರಲ್ಲಿ ಅಮೆರಿಕ ಐಸ್ಟೆಂಟ್‌ಗೆ ಒಪ್ಪಿಗೆ ಕೊಡ್ತು. ಸುಮಾರು 1 ಮಿಲಿಮೀಟರ್ ಉದ್ದದ ಟೈಟಾನಿಯಂ ಕೊಳವೆ, ಕ್ಯಾಟರಾಕ್ಟ್ ಆಪರೇಷನ್ ಜೊತೆಗೇ ಹಾಕೋದು. ಗಾಯ ಕಡಿಮೆ, ಚೇತರಿಕೆ ಬೇಗ. ಆದ್ರೆ ಒಪ್ಪಿಗೆ ಸಿಕ್ಕಿದ್ದು ಆರಂಭದ ಮತ್ತು ಮಧ್ಯಮ ಹಂತಕ್ಕೆ. ಅದು ಕಣ್ಣಿನ ಸಹಜ ಚರಂಡಿಗೇ ದ್ರವ ಬಿಡುತ್ತೆ. ಆ ಚರಂಡಿ ರಕ್ತನಾಳಕ್ಕೆ ಸೇರೋದ್ರಿಂದ ಒತ್ತಡ ಒಂದು ಮಿತಿಗಿಂತ ಕೆಳಗೆ ಇಳಿಯಲ್ಲ. ಬಹಳಷ್ಟು ನರ ಕಳ್ಕೊಂಡವರಿಗೆ ಅದಕ್ಕಿಂತ ಕಡಿಮೆ ಬೇಕು.

ಹೊಸದೆಲ್ಲ ಸುರಕ್ಷಿತ ಅಂತಲೂ ಅಲ್ಲ. 2016ರಲ್ಲಿ ಒಪ್ಪಿಗೆ ಪಡೆದ ಸೈಪಾಸ್ ಸ್ಟೆಂಟನ್ನು 2018ರಲ್ಲಿ ಕಂಪನಿಯೇ ವಾಪಸ್ ತಗೊಳ್ತು. ಐದು ವರ್ಷದ ಪರೀಕ್ಷೆಯಲ್ಲಿ ಕಾರ್ನಿಯಾದ ಜೀವಕೋಶಗಳು ಹೆಚ್ಚಾಗಿ ಸಾಯೋದು ಕಂಡಿತ್ತು. ಲೇಟೆಸ್ಟ್ ವರ್ಷನ್ ಅಂದ ಕೂಡಲೇ ಪ್ರೊಡಕ್ಷನ್‌ಗೆ ಹಾಕಬಾರದು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಪ್ಪನಿಗೆ ಟ್ರಾಬೆಕ್ಯುಲೆಕ್ಟಮಿ ಆಯ್ತು. ಉಳಿದ ನೋಟ ಉಳಿದಿದೆ, ಹೋದದ್ದು ಬಂದಿಲ್ಲ. ಎರಡು ವರ್ಷ ಮೊದಲೇ ತೋರಿಸಿದ್ರೆ ಆ ಪುಟ್ಟ ಕೊಳವೆ ಸಾಕಾಗ್ತಿತ್ತೇನೋ. ಈ ಕಾಯಿಲೆ ಇರೋರ ಮಕ್ಕಳಿಗೆ ಅಪಾಯ ಜಾಸ್ತಿ, ಹಾಗಾಗಿ ಐರೋಲಿ ಆಫೀಸಿಗೆ ರಜೆ ಹಾಕಿ ನಾನೂ ತೋರಿಸ್ಕೊಂಡೆ.

ಇವತ್ತು ಊರಿಗೆ ಫೋನ್ ಮಾಡಿದಾಗ ಬಿಪಿ, ಶುಗರ್ ಜೊತೆ ಇದನ್ನೂ ಕೇಳಿ: ಕಣ್ಣಿನ ಒತ್ತಡ, ನರ ಎರಡೂ ನೋಡಿಸಿದ್ರಾ?