‘ರೋಹಿಣಿ ಮಳೆ’ ಎಂದರೆ ತಪ್ಪೇ?

ಮುಂಗಾರು ಹತ್ತಿರವಾದಾಗ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಮ್ಮ ರೈತ ಸಹೋದರರೂ ಭರಣಿ, ಕೃತ್ತಿಕೆ, ರೋಹಿಣಿ ಎಂದೇ ಮಳೆ ಎಣಿಸುತ್ತಾರೆ. ನಕ್ಷತ್ರದ ಹೆಸರಿನಲ್ಲಿ ಮಳೆಯನ್ನು ಕರೆದರೆ ಈಮಾನಿಗೆ ಕುಂದಲ್ಲವೇ ಎಂದು ಕೆಲವು ಯುವಕರು ಕೇಳುತ್ತಾರೆ. ಪ್ರಶ್ನೆ ಸಣ್ಣದಲ್ಲ. ಹಿಜರಿ 6ರಲ್ಲಿ ಹುದೈಬಿಯಾದಲ್ಲಿ ರಾತ್ರಿ ಮಳೆಯಾಗಿತ್ತು. ಫಜ್ರ್ ನಮಾಝಿನ ಬಳಿಕ ಪ್ರವಾದಿ (ಸ) ಅವರು, ಮಳೆ ಕೊಟ್ಟದ್ದು ಅಲ್ಲಾಹನ ಅನುಗ್ರಹವೆನ್ನುವವರನ್ನೂ ನಕ್ಷತ್ರವೆನ್ನುವವರನ್ನೂ ಬೇರ್ಪಡಿಸಿ ಎಚ್ಚರಿಸಿದರು.

ಅಂದಿನ ಅರಬರಿಗೂ ನಮ್ಮಂಥದೇ ಲೆಕ್ಕವಿತ್ತು. ಅದರ ಹೆಸರು ‘ಅನ್ವಾ’. ಚಂದ್ರನ 28 ಮನೆಗಳು, ಒಂದೊಂದಕ್ಕೆ ಸುಮಾರು 13 ದಿನ. ಮುಂಜಾನೆ ಪಶ್ಚಿಮದಲ್ಲಿ ಒಂದು ಮುಳುಗುವಾಗ ಅದರ ಎದುರಿನದು ಪೂರ್ವದಲ್ಲಿ ಹುಟ್ಟುತ್ತಿತ್ತು. ಅದನ್ನು ನೋಡಿಯೇ ಮಳೆ, ಗಾಳಿ, ಚಳಿಯ ಕಾಲ ಗುರುತಿಸುತ್ತಿದ್ದರು.

ನಮ್ಮ ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕ. ಭೂಮಿಯು ಸೂರ್ಯನನ್ನು ಸುತ್ತುವುದರಿಂದ, ಸೂರ್ಯನೇ ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು ಒಂದು ಡಿಗ್ರಿ ಸರಿದಂತೆ ನಮಗೆ ತೋರುತ್ತದೆ. ಆ ದಾರಿಯನ್ನು 27 ಪಾಲು ಮಾಡಿದರೆ ತಲಾ 13-14 ದಿನ. ಮೇ 25ರ ಸುಮಾರಿಗೆ ರೋಹಿಣಿ ಹಿಡಿಯುತ್ತದೆ. ತಮಾಷೆಯೆಂದರೆ, ರೋಹಿಣಿ ಮಳೆಯ ದಿನಗಳಲ್ಲಿ ಆ ನಕ್ಷತ್ರ ಕಣ್ಣಿಗೇ ಬೀಳುವುದಿಲ್ಲ. ಸೂರ್ಯನ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ.

ಋತು ಬದಲಾಗುವುದು ಭೂಮಿಯ ಓರೆಯಿಂದ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಚಿತ್ರದುರ್ಗ ಇರುವುದು 14 ಡಿಗ್ರಿ ಉತ್ತರದಲ್ಲಿ. ಹಾಗಾಗಿ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯಕ್ಕೆ ಒಮ್ಮೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುತ್ತಾನೆ. ಈ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮಸೀದಿಯ ಅಂಗಳದಲ್ಲಿ ಒಂದು ಕೋಲು ನೆಟ್ಟರೆ ಮಕ್ಕಳೂ ನೋಡಬಹುದು. ಉತ್ತರದ ನೆಲ ಕಾದಾಗ ಕಡಲಿನ ತೇವದ ಗಾಳಿ ಒಳನಾಡಿಗೆ ನುಗ್ಗುತ್ತದೆ. ಅದರ ಹೆಚ್ಚಿನ ಪಾಲು ಮಲೆನಾಡಿಗೇ ಸುರಿದು, ನಮ್ಮ ಬಯಲುಸೀಮೆಗೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬರುತ್ತದೆ.

ನಕ್ಷತ್ರ ಮಳೆ ಕೊಡುವುದಿಲ್ಲ ಎಂಬುದಕ್ಕೆ ಆಕಾಶವೇ ಸಾಕ್ಷಿ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುವುದರಿಂದ ನಕ್ಷತ್ರಗಳ ಲೆಕ್ಕ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಋತುವಿನಿಂದ ಜಾರುತ್ತದೆ. ರಕ್ಕಾ ನಗರದಲ್ಲಿ ದಶಕಗಳ ಕಾಲ ಆಕಾಶ ಅಳೆದ ಅಲ್ ಬತ್ತಾನಿ (ಮರಣ 929) ಇದನ್ನು 66 ವರ್ಷಕ್ಕೆ ಒಂದು ಡಿಗ್ರಿ ಎಂದು ಕಂಡುಕೊಂಡಿದ್ದರು. ಅವರಿಗಿಂತ ಹಿಂದೆ ಗ್ರೀಕರ ಟಾಲೆಮಿ ಹೇಳಿದ್ದು 100 ವರ್ಷ. ನಮ್ಮ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಕೆರೆಯ ಶಾಸನ ಬರೆಸಿದ 4ನೆಯ ಶತಮಾನದಲ್ಲಿ, ಸೂರ್ಯ ರೋಹಿಣಿಗೆ ಬರುತ್ತಿದ್ದುದು ಇಂದಿನ ಕ್ಯಾಲೆಂಡರಿನ ಮೇ ಆರಂಭಕ್ಕೆ. ರೋಹಿಣಿ ಮೂರು ವಾರಕ್ಕೂ ಹೆಚ್ಚು ಸರಿದುಹೋಗಿದೆ. ಮುಂಗಾರು ಅದರ ಬೆನ್ನು ಹತ್ತಿ ಹೋಗಲಿಲ್ಲ.

ಇನ್ನು ಮಾತಿನ ವಿಚಾರ. ಇಮಾಮ್ ಶಾಫಿಈ (ರಹ್) ಇದನ್ನು ಬಿಡಿಸಿ ಹೇಳಿದ್ದಾರೆ. ನಕ್ಷತ್ರವೇ ಮಳೆ ಕೊಟ್ಟಿತೆಂದು ನಂಬಿ ಹೇಳಿದರೆ ಅದು ಕುಫ್ರ್. ಆ ನಕ್ಷತ್ರದ ಕಾಲದಲ್ಲಿ ಮಳೆ ಬಂತು ಎಂಬ ಅರ್ಥದಲ್ಲಿ ಹೇಳಿದರೆ, ಇಂಥ ತಿಂಗಳಲ್ಲಿ ಮಳೆ ಬಂತು ಎಂದಂತೆ, ಕುಫ್ರ್ ಅಲ್ಲ. ಆದರೂ ಬೇರೆ ಮಾತು ಬಳಸುವುದೇ ತಮಗೆ ಇಷ್ಟ ಎಂದೂ ಅವರು ಸೇರಿಸಿದ್ದಾರೆ.